ಮಾರ್ಕ್ ರಫಲೋ: ನಟನೆ ಮತ್ತು ನೀರಿನ ಹೋರಾಟ ಒಂದೆಡೆ ಸೇರಿದ್ದು ಹೇಗೆ?

ಪ್ರಶ್ನೆ: ವಿರಾಜಪೇಟೆಯ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಚಿತ್ರ ನೋಡಿ, ಆಮೇಲೆ ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕಾಫಿ ಕುಯ್ಲು ಮುಗಿಯುವವರೆಗೆ ಯಾರಿಗೂ ಪುರುಸೊತ್ತಿಲ್ಲದ ಕಾರಣ ಮುಂದಿನ ಸಭೆ ಮಾರ್ಚ್ ತಿಂಗಳಿಗೆ ಹೋಗಿದೆ. ಆ ದಿನ ಅಮೆರಿಕದ ನಟ ಮಾರ್ಕ್ ರಫಲೋ ಅವರ ಬಗ್ಗೆ ಅರ್ಧ ಗಂಟೆ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ.

ನನ್ನ ವಿದ್ಯಾರ್ಥಿಗಳಿಗೆ ಅವರು ಹಸಿರು ದೈತ್ಯ ಹಲ್ಕ್, ಅಷ್ಟೇ. ನಾನು ಅವರನ್ನು ಗಮನಿಸಿದ್ದು 2019ರ ‘ಡಾರ್ಕ್ ವಾಟರ್ಸ್’ ಚಿತ್ರದಲ್ಲಿ, ರಾಸಾಯನಿಕ ಕಂಪನಿಯೊಂದರ ವಿರುದ್ಧ ವರ್ಷಗಟ್ಟಲೆ ಮೊಕದ್ದಮೆ ನಡೆಸುವ ವಕೀಲನ ಪಾತ್ರದಲ್ಲಿ. ಆ ಬಗ್ಗೆ ಓದುತ್ತಾ ಹೋದಾಗ ಅವರು ಪರದೆಯ ಹೊರಗೂ ನೀರಿನ ವಿಷಯದಲ್ಲಿ ಬೀದಿಗಿಳಿದವರು ಎಂದು ತಿಳಿಯಿತು. ನನ್ನ ಗೊಂದಲ ಇರುವುದು ಇಲ್ಲಿಯೇ. ಪಾತ್ರ ಮಾಡಿದ್ದರಿಂದ ಹೋರಾಟ ಹುಟ್ಟಿತೋ, ಹೋರಾಟದಿಂದ ಪಾತ್ರ ಹುಟ್ಟಿತೋ? ಹೆಸರಿರುವ ನಟನೊಬ್ಬ ಹೀಗೆ ಮುಂದೆ ನಿಂತಾಗ ಅದರಿಂದ ಊರಿನ ಜನಕ್ಕೆ ನಿಜವಾಗಿ ಉಪಯೋಗವಾಗುತ್ತದೆಯೋ, ನಟನಿಗೆ ಪ್ರಚಾರವಾಗುತ್ತದೆಯೋ? ಸಭೆಗೆ ತೋರಿಸಲು ಒಂದೇ ಚಿತ್ರವನ್ನು ಆರಿಸಬೇಕಾದರೆ ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಡಿಕೇರಿಯ ಹಳೆಯ ಸಿ.ಡಿ. ಅಂಗಡಿಯವ

ಮೇಡಂ, ಹಲವು ವರ್ಷ ಮಡಿಕೇರಿಯಲ್ಲಿ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ನಡೆಸಿದವನು ನಾನು. ಹೋರಾಟದ ವಿಷಯ ಬೇರೆಯವರು ಹೇಳಲಿ, ನಟನೆಯ ಬಗ್ಗೆ ಎರಡು ಮಾತು ಹೇಳುವ ಧೈರ್ಯ ಮಾಡುತ್ತೇನೆ.

ನನ್ನ ಗಿರಾಕಿಗಳಲ್ಲಿ ಒಬ್ಬರಾದರೂ ರಫಲೋ ಹೆಸರು ಹೇಳಿ ಚಿತ್ರ ಕೇಳಿದ್ದಿಲ್ಲ. ಆದರೆ 2004ರ ಮೂರು ಚಿತ್ರಗಳನ್ನು ಅದೇ ಜನ ಒಯ್ದು ನೋಡಿದ್ದರು. ‘ಕೊಲ್ಯಾಟರಲ್’ನಲ್ಲಿ ಅವರು ರಾತ್ರಿಯಿಡೀ ಕೊಲೆಗಾರನ ಜಾಡು ಹಿಡಿಯುವ ಪೊಲೀಸ್ ಅಧಿಕಾರಿ, ‘13 ಗೋಯಿಂಗ್ ಆನ್ 30’ರಲ್ಲಿ ಬಾಲ್ಯದ ಗೆಳತಿಯನ್ನು ಮರೆಯಲಾರದ ಸಂಕೋಚದ ಹುಡುಗ, ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ನಲ್ಲಿ ಬೇರೆಯವರ ನೆನಪುಗಳನ್ನು ಯಂತ್ರದಿಂದ ಅಳಿಸುವ ಕೆಲಸದ, ಸ್ವಲ್ಪ ಬೇಜವಾಬ್ದಾರಿಯ ತಂತ್ರಜ್ಞ. ಮೂರರಲ್ಲಿಯೂ ಇರುವವನು ಒಬ್ಬನೇ ನಟ ಎಂದು ನಾನು ಹೇಳಿದಾಗ ಗಿರಾಕಿಯೊಬ್ಬರು ನಂಬದೆ, ಡಿಸ್ಕಿನ ಡಬ್ಬಿಯನ್ನು ತಿರುಗಿಸಿ ಹೆಸರು ಓದಿ ನೋಡಿದ್ದರು. ಬಹುಮುಖ ನಟ ಎಂಬ ಮಾತನ್ನು ನಾವು ವೇಷ ಬದಲಿಸುವವರಿಗೆ ಸುಲಭವಾಗಿ ಕೊಟ್ಟುಬಿಡುತ್ತೇವೆ. ಈತ ವೇಷವನ್ನೇನೂ ಹೆಚ್ಚು ಬದಲಿಸುವುದಿಲ್ಲ. ನಿಲ್ಲುವ ಭಂಗಿ, ಮಾತಿಗೆ ಮುಂಚಿನ ತಡವರಿಕೆ, ಎದುರಿನವರ ಮಾತು ಕೇಳಿಸಿಕೊಳ್ಳುವ ರೀತಿ, ಇಷ್ಟನ್ನು ಬದಲಿಸುತ್ತಾರೆ.

ಕೇಳಿಸಿಕೊಳ್ಳುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅವರು ಹುಟ್ಟಿದ್ದು 1967ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಕೆನೋಷಾದಲ್ಲಿ. ತಂದೆ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸದವರು, ತಾಯಿ ಕೇಶವಿನ್ಯಾಸಕಿ. ಲಾಸ್ ಏಂಜಲೀಸ್‌ನಲ್ಲಿ ಸ್ಟೆಲ್ಲಾ ಆಡ್ಲರ್ ಹೆಸರಿನ ಶಾಲೆಯಲ್ಲಿ ನಟನೆ ಕಲಿತು, ಹತ್ತಿರ ಹತ್ತಿರ ಹತ್ತು ವರ್ಷ ಬಾರ್‌ಗಳಲ್ಲಿ ಮದ್ಯ ಬೆರೆಸಿ ಕೊಡುತ್ತಾ ಜೀವನ ಸಾಗಿಸಿದರು. 2000ದ ‘ಯೂ ಕ್ಯಾನ್ ಕೌಂಟ್ ಆನ್ ಮಿ’ ಚಿತ್ರದಲ್ಲಿ, ಅಕ್ಕನ ಮನೆಗೆ ಹಣ ಕೇಳಲು ಬರುವ ನೆಲೆಯಿಲ್ಲದ ತಮ್ಮನಾಗಿ ಮಾಡಿದ ಪಾತ್ರ ವಿಮರ್ಶಕರ ಕಣ್ಣಿಗೆ ಬಿತ್ತು. ಇನ್ನೇನು ದಾರಿ ತೆರೆಯಿತು ಅನ್ನುವಾಗ, 2001ರಲ್ಲಿ, ಕಿವಿಯ ಹಿಂಭಾಗದಲ್ಲಿ ಮೆದುಳಿಗೆ ತಾಗಿದ ಗೆಡ್ಡೆ ಇರುವುದು ಪತ್ತೆಯಾಯಿತು. ಹೆಂಡತಿಗೆ ಆಗ ದಿನ ತುಂಬಿತ್ತು. ಮಗು ಹುಟ್ಟುವವರೆಗೂ ಅವರು ಆಕೆಗೆ ವಿಷಯ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಮುಖದ ಎಡಭಾಗ ತಿಂಗಳುಗಟ್ಟಲೆ ಅಲುಗಾಡಲಿಲ್ಲ. ಮುಖ ಮರಳಿ ಬಂತು, ಎಡಗಿವಿಯ ಶ್ರವಣ ಬರಲಿಲ್ಲ. ಅವರ ಚಿತ್ರಗಳಲ್ಲಿ ಎದುರಿನವರತ್ತ ತುಸು ಬಾಗಿ, ತಲೆ ಓರೆ ಮಾಡಿ ಗಮನ ಕೊಡುವ ಆ ಭಂಗಿಗೆ ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ. ಊಹೆ ಎಂದೇ ತೆಗೆದುಕೊಳ್ಳಿ.

ಆಮೇಲಿನ ದಾರಿ ನಿಮಗೆ ತಿಳಿದದ್ದೇ. 2012ರಿಂದ ಹಲ್ಕ್. ಆಸ್ಕರ್‌ಗೆ ನಾಲ್ಕು ಸಲ ನಾಮನಿರ್ದೇಶನ ಬಂದಿದೆ: ‘ದಿ ಕಿಡ್ಸ್ ಆರ್ ಆಲ್ ರೈಟ್’, ‘ಫಾಕ್ಸ್‌ಕ್ಯಾಚರ್’, ‘ಸ್ಪಾಟ್‌ಲೈಟ್’, ‘ಪುವರ್ ಥಿಂಗ್ಸ್’. ನಾಲ್ಕೂ ಪೋಷಕ ನಟನ ವಿಭಾಗದಲ್ಲಿ. ಪ್ರಶಸ್ತಿ ಒಮ್ಮೆಯೂ ಕೈಗೆ ಸಿಕ್ಕಿಲ್ಲ. 2020ರ ಕಿರು ಧಾರಾವಾಹಿ ‘ಐ ನೋ ದಿಸ್ ಮಚ್ ಈಸ್ ಟ್ರೂ’ದಲ್ಲಿ ಅವಳಿ ಸಹೋದರರಿಬ್ಬರನ್ನೂ ಅವರೇ ಮಾಡಿದರು. ಮೊದಲು ಒಬ್ಬನ ಭಾಗವನ್ನೆಲ್ಲ ಚಿತ್ರೀಕರಿಸಿ, ನಡುವೆ ಕೆಲವು ವಾರ ನಿಲ್ಲಿಸಿ ಮೈತೂಕ ಏರಿಸಿಕೊಂಡು, ಮಾನಸಿಕ ಕಾಯಿಲೆಯಿರುವ ಇನ್ನೊಬ್ಬ ಅವಳಿಯಾಗಿ ಮರಳಿದರು. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. ನನ್ನನ್ನು ಕೇಳಿದರೆ ಅವರ ಅತ್ಯುತ್ತಮ ಕೆಲಸ ‘ಫಾಕ್ಸ್‌ಕ್ಯಾಚರ್’ನ ಕುಸ್ತಿಪಟು ಡೇವ್ ಶುಲ್ಟ್ಸ್. ಶಾಲಾ ದಿನಗಳಲ್ಲಿ ತಾವೇ ಕುಸ್ತಿ ಆಡಿದವರಾದ್ದರಿಂದ ಅಲ್ಲಿ ಅಣ್ಣ ತಮ್ಮ ಒಬ್ಬರನ್ನೊಬ್ಬರು ತಬ್ಬಿ, ತಳ್ಳಿ, ಕತ್ತು ಹಿಡಿದು ಅಭ್ಯಾಸ ಮಾಡುವ ದೃಶ್ಯದಲ್ಲಿ ಅವರ ಬಾಂಧವ್ಯದ ಇಡೀ ಇತಿಹಾಸ ಒಂದು ಮಾತೂ ಇಲ್ಲದೆ ತಿಳಿದುಬಿಡುತ್ತದೆ.

ಉತ್ತರ 2: ಮಾದಾಪುರದ ತೋಟದವ

ಹೋರಾಟ ಮೊದಲು, ಪಾತ್ರ ಆಮೇಲೆ. ಇಸವಿಗಳನ್ನು ನೋಡಿದರೆ ಇದರಲ್ಲಿ ಅನುಮಾನವಿಲ್ಲ. ಆದರೆ ಹೋರಾಟಕ್ಕೂ ಮೊದಲು ಬಂದದ್ದು ಮನೆ ಎಂಬುದನ್ನು ಸಭೆಯಲ್ಲಿ ಹೇಳಲು ಮರೆಯಬೇಡಿ, ಮೇಡಂ.

ರಫಲೋ ಸಂಸಾರ ಸಮೇತ ನ್ಯೂಯಾರ್ಕ್ ರಾಜ್ಯದ ಕ್ಯಾಲಿಕೂನ್ ಎಂಬ ಊರಿನಲ್ಲಿ, ಡೆಲವೇರ್ ನದಿಯ ಸೀಮೆಯಲ್ಲಿ ಮನೆ ಮಾಡಿಕೊಂಡಿದ್ದರು. ಆ ಭಾಗದ ನೆಲದಡಿಯಲ್ಲಿ ಮಾರ್ಸೆಲಸ್ ಎಂದು ಕರೆಯುವ ಪದರಗಲ್ಲಿನ ಹಾಸು ಇದೆ. ಅದರೊಳಗೆ ಸಿಕ್ಕಿಕೊಂಡಿರುವ ಅನಿಲವನ್ನು ತೆಗೆಯಬೇಕಾದರೆ ಆಳಕ್ಕೆ ಕೊರೆದು, ಮತ್ತೆ ಅಡ್ಡಕ್ಕೆ ಕೊರೆದು, ನೀರು, ಮರಳು, ರಾಸಾಯನಿಕಗಳ ಮಿಶ್ರಣವನ್ನು ಭಾರೀ ಒತ್ತಡದಲ್ಲಿ ಒಳಗೆ ನುಗ್ಗಿಸಿ ಕಲ್ಲನ್ನು ಬಿರುಕುಗೊಳಿಸಬೇಕು. ಇದಕ್ಕೆ ಫ್ರ್ಯಾಕಿಂಗ್ ಎನ್ನುತ್ತಾರೆ. ಒಂದೊಂದು ಬಾವಿಗೂ ಲಕ್ಷಾಂತರ ಗ್ಯಾಲನ್ ನೀರು ಬೇಕು, ಬಳಸಿದ ಮೇಲೆ ಮೇಲೆ ಬರುವ ಕೊಳೆನೀರನ್ನು ಎಲ್ಲಿಯಾದರೂ ವಿಲೇವಾರಿ ಮಾಡಬೇಕು. ಜಮೀನನ್ನು ಗುತ್ತಿಗೆಗೆ ಕೊಡಿ ಎಂದು ಅನಿಲ ಕಂಪನಿಗಳವರು ಅಲ್ಲಿನ ರೈತರ ಮನೆ ಬಾಗಿಲಿಗೆ ಬರತೊಡಗಿದ್ದರು. ಪಕ್ಕದ ಪೆನ್ಸಿಲ್ವೇನಿಯಾದ ಡಿಮಾಕ್ ಎಂಬ ಊರಿನಲ್ಲಿ ಆಗಲೇ ಬಾವಿಗಳ ನೀರಿಗೆ ಮೀಥೇನ್ ಸೇರಿ ಜನ ಹೊರಗಿನಿಂದ ನೀರು ತರಿಸಿಕೊಳ್ಳುವ ಸ್ಥಿತಿ ಬಂದಿತ್ತು. ರಫಲೋ ಆ ಊರಿಗೆ ಹೋಗಿ ಬಂದರು, ನೀರು ತಲುಪಿಸುವ ಕೆಲಸದಲ್ಲಿ ಕೈ ಜೋಡಿಸಿದರು, 2011ರಲ್ಲಿ ‘ವಾಟರ್ ಡಿಫೆನ್ಸ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ರಾಜಧಾನಿ ಆಲ್ಬನಿಗೆ ಹೋಗಿ ಊರವರ ಜೊತೆ ನಿಂತರು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಸರ್ಕಾರ ಜನರ ಆರೋಗ್ಯದ ಕಾರಣ ಕೊಟ್ಟು ಫ್ರ್ಯಾಕಿಂಗ್ ನಿಷೇಧಿಸುವ ತೀರ್ಮಾನ ಪ್ರಕಟಿಸಿತು; 2020ರಲ್ಲಿ ಅದು ಶಾಸನವೇ ಆಯಿತು. ಇದನ್ನು ನಟನೊಬ್ಬನ ಗೆಲುವು ಎಂದರೆ ತಪ್ಪಾಗುತ್ತದೆ, ಊರೂರುಗಳಲ್ಲಿ ರೈತರು, ದಾದಿಯರು, ವಿಜ್ಞಾನಿಗಳು ವರ್ಷಗಟ್ಟಲೆ ಮಾಡಿದ ಕೆಲಸವದು. ಆತ ಮಾಡಿದ್ದು, ಕ್ಯಾಮರಾಗಳನ್ನು ಅವರತ್ತ ತಿರುಗಿಸಿದ್ದು.

ಇದು ನನಗೇಕೆ ತಾಗಿತು ಎಂದರೆ, ನ್ಯೂಯಾರ್ಕ್ ಮಹಾನಗರ ಕುಡಿಯುವ ನೀರಿನ ಬಹುಪಾಲು ಆ ಬೆಟ್ಟಸೀಮೆಯಿಂದಲೇ ಇಳಿದು ಹೋಗುತ್ತದೆ. ನಮ್ಮದೂ ಅದೇ ಕತೆಯಲ್ಲವೇ? ನಮ್ಮ ತೋಟದ ತೋಡು ಕಡೆಗೆ ಹಾರಂಗಿಗೆ ಸೇರುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ, ಅಲ್ಲಿಂದ ಕೆಳಗೆ ಯಾರ್ಯಾರ ಕೊಡಕ್ಕೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಅಂಟು ತೊಳೆದ ನೀರನ್ನು ನಮ್ಮ ತಂದೆಯ ಕಾಲದಿಂದಲೂ ಆ ತೋಡಿಗೇ ಬಿಡುತ್ತಿದ್ದೆವು. ಡಿಸೆಂಬರ್ ಬಂತೆಂದರೆ ಕಲ್ಲುಗಳ ಮೇಲೆ ಕಂದು ಲೋಳೆ, ನೀರಿನ ಮೇಲೆ ನೊರೆ, ಮೂಗಿಗೆ ಹುಳಿವಾಸನೆ. ಆ ನೀರು ಕೊಳೆಯುವಾಗ ತೋಡಿನಲ್ಲಿರುವ ಆಮ್ಲಜನಕವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ, ಮೀನಿಗೂ ಏಡಿಗೂ ಉಸಿರಿಗೆ ಏನೂ ಉಳಿಯುವುದಿಲ್ಲ. ಒಂದು ವರ್ಷ ಲೈನ್‌ಮನೆಯ ಹೆಂಗಸೊಬ್ಬಳು ಬಟ್ಟೆ ಒಗೆಯುವ ಕಲ್ಲಿನ ಬಳಿ ನನ್ನನ್ನು ನಿಲ್ಲಿಸಿ, “ಸಾವ್ಕಾರ್ರೇ, ಈ ನೀರಲ್ಲಿ ನೀವೊಂದು ಸಲ ಕೈ ಅದ್ದಿ ನೋಡಿ” ಎಂದಳು. ಅದ್ದಿದೆ. ಆಮೇಲೆ ಸಂಜೆಯವರೆಗೂ ಕೈ ಮೂಸಿಕೊಂಡೇ ಇದ್ದೆ. ಮರುವರ್ಷ ಗುಂಡಿಗಳನ್ನು ತೋಡಿಸಿ, ಸುಣ್ಣ ಹಾಕಿ ನೀರನ್ನು ತಂಗಿಸುವ ಏರ್ಪಾಡು ಮಾಡಿದೆ. ಹೀಗಾಗಿ ಕಂಪನಿಗಳನ್ನು ಬೈಯುವ ಚಿತ್ರ ನೋಡುವಾಗ ನಾನು ಯಾವ ಬದಿಯಲ್ಲಿ ಕೂರಬೇಕೆಂದು ನನಗೇ ಸ್ಪಷ್ಟವಿರುವುದಿಲ್ಲ.

ಉತ್ತರ 3: ಸೋಮವಾರಪೇಟೆಯ ವಕೀಲ

ತೋಟದವರು ಕಡೆಗೆ ಹೇಳಿದ ಮಾತೇ ‘ಡಾರ್ಕ್ ವಾಟರ್ಸ್’ನ ತಿರುಳು ಎಂದು ನನ್ನ ಅಭಿಪ್ರಾಯ. ರಫಲೋ ಮಾಡಿದ ಪಾತ್ರದ ಮೂಲವ್ಯಕ್ತಿ ರಾಬ್ ಬಿಲಾಟ್ ಸಿನ್ಸಿನಾಟಿಯಲ್ಲಿ ರಾಸಾಯನಿಕ ಕಂಪನಿಗಳ ಪರವಾಗಿಯೇ ಕೆಲಸ ಮಾಡುತ್ತಿದ್ದ ವಕೀಲ. 1998ರಲ್ಲಿ ಅವರ ಅಜ್ಜಿಯ ಊರಿನ ಪರಿಚಯ ಹಿಡಿದು, ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ದನ ಸಾಕುವ ರೈತ ವಿಲ್ಬರ್ ಟೆನ್ನಂಟ್ ಬಿಲಾಟ್ ಅವರನ್ನು ಸಂಪರ್ಕಿಸಿದರು. ತಮ್ಮ ಹೊಲಕ್ಕೆ ತಾಗಿದ ಡ್ಯೂಪಾಂಟ್ ಕಂಪನಿಯ ತ್ಯಾಜ್ಯದ ಗುಂಡಿಯಿಂದ ಬರುವ ತೊರೆಯ ನೀರು ಕುಡಿದು ದನಗಳು ಸಾಯುತ್ತಿವೆ ಎಂಬುದು ಟೆನ್ನಂಟ್ ದೂರು. ಸಾಕ್ಷಿಗೆ ತಾವೇ ಚಿತ್ರಿಸಿದ ವಿಡಿಯೊ ಟೇಪುಗಳನ್ನು ಹೊತ್ತು ತಂದಿದ್ದರು. ನ್ಯಾಯಾಲಯದ ಆದೇಶದ ಮೇಲೆ ಕಂಪನಿ 1,10,000ಕ್ಕೂ ಹೆಚ್ಚು ಪುಟಗಳ ಕಡತಗಳನ್ನು ಕಳಿಸಿತು. ಬಿಲಾಟ್ ಅವನ್ನು ಕಚೇರಿಯ ನೆಲದ ಮೇಲೆ ಹರಡಿಕೊಂಡು ಒಂದೊಂದನ್ನೂ ಓದಿ ಇಸವಿವಾರು ಜೋಡಿಸಿದರು. ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿ.ಎಫ್.ಒ.ಎ. ಎಂಬ ರಾಸಾಯನಿಕದ ಅಪಾಯದ ಬಗ್ಗೆ ಕಂಪನಿ ದಶಕಗಳಿಂದ ತಾನೇ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಹೊರಗೆ ಬಿಡದೆ ಇಟ್ಟುಕೊಂಡದ್ದು ಹೀಗೆ ಬೆಳಕಿಗೆ ಬಂತು.

ವಕೀಲನಾಗಿ ನಾನು ಮೆಚ್ಚಿದ್ದು ಮುಂದಿನ ಹೆಜ್ಜೆಯನ್ನು. ಸುಮಾರು 70,000 ಜನರ ರಕ್ತದ ಮಾದರಿ ತೆಗೆದುಕೊಂಡು, ಎರಡೂ ಪಕ್ಷಗಳು ಒಪ್ಪಿದ ವಿಜ್ಞಾನಿಗಳ ಸಮಿತಿಗೆ ಒಪ್ಪಿಸಿ, ಅವರು ಹೇಳಿದ್ದಕ್ಕೆ ಬದ್ಧರಾಗುತ್ತೇವೆಂದು ಕಾದರು. ಸಮಿತಿ ಕೆಲಸ ಮುಗಿಸಿದ್ದು 2012ರಲ್ಲಿ. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಸೇರಿದಂತೆ ಆರು ಕಾಯಿಲೆಗಳಿಗೆ ಇದರ ನಂಟು ಇರುವ ಸಂಭವವಿದೆ ಎಂದಿತು. 2017ರಲ್ಲಿ 3,500ಕ್ಕೂ ಹೆಚ್ಚು ಮೊಕದ್ದಮೆಗಳು ಸುಮಾರು 67 ಕೋಟಿ ಡಾಲರ್‌ಗೆ ರಾಜಿಯಾದವು. ವಿಲ್ಬರ್ ಟೆನ್ನಂಟ್ ಅದನ್ನು ನೋಡಲು ಉಳಿದಿರಲಿಲ್ಲ.

2016ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಪತ್ರಿಕಾ ಲೇಖನದಲ್ಲಿ ಇದನ್ನು ಓದಿದ ರಫಲೋ ಚಿತ್ರ ಮಾಡಿಸಲು ಮುಂದಾಗಿ, ನಿರ್ಮಾಪಕರಲ್ಲಿಯೂ ಒಬ್ಬರಾದರು. ಅವರ ಬಿಲಾಟ್ ಒಮ್ಮೆಯೂ ಮೇಜು ಗುದ್ದಿ ಭಾಷಣ ಮಾಡುವುದಿಲ್ಲ. ಭುಜ ಮುಂದಕ್ಕೆ ಕುಸಿದು, ಕತ್ತು ಒಳಗೆ ಹುದುಗಿ, ಮಾತು ಅರ್ಧದಲ್ಲಿ ನುಂಗುವ ಆ ಮನುಷ್ಯನನ್ನು ನಾನು ನಮ್ಮ ನ್ಯಾಯಾಲಯದ ಆವರಣದಲ್ಲಿಯೂ ಕಂಡಿದ್ದೇನೆ. ಕಕ್ಷಿದಾರನಿಗೆ ಗೊತ್ತಾಗದ ಹಾಗೆ ಶುಲ್ಕ ಬಿಟ್ಟುಕೊಡುವ ಜಾತಿಯವರು. 2019ರ ನವೆಂಬರ್‌ನಲ್ಲಿ, ಚಿತ್ರ ಬಿಡುಗಡೆಯಾಗುವ ಹೊತ್ತಿಗೆ, ರಫಲೋ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಇಂಥ ರಾಸಾಯನಿಕಗಳ ಬಗ್ಗೆ ಹೇಳಿಕೆ ಕೊಟ್ಟರು. ಇದನ್ನು ಪ್ರಚಾರ ಎಂದೂ ಕರೆಯಬಹುದು, ಮೇಡಂ. ಪ್ರಚಾರದಿಂದ ಕಡತ ಮುಂದಕ್ಕೆ ಸರಿಯುವುದಾದರೆ ನನ್ನ ತಕರಾರಿಲ್ಲ.

ಇನ್ನೊಂದು ವಿಚಿತ್ರ ಕಾಕತಾಳೀಯ. ಅಂಗಡಿಯಣ್ಣ ಮೆಚ್ಚಿದ ‘ಫಾಕ್ಸ್‌ಕ್ಯಾಚರ್’ನಲ್ಲಿ ಡೇವ್ ಶುಲ್ಟ್ಸ್‌ರನ್ನು ಗುಂಡಿಟ್ಟು ಕೊಲ್ಲುವ ಸಿರಿವಂತ ಜಾನ್ ಡು ಪಾಂಟ್ ಇದೇ ಕಂಪನಿಯನ್ನು ಕಟ್ಟಿದ ಮನೆತನದ ಕುಡಿ. ಐದು ವರ್ಷಗಳ ಅಂತರದಲ್ಲಿ ಒಬ್ಬನೇ ನಟ ಒಂದೇ ಮನೆತನದ ಹೆಸರಿಗೆ ಎರಡು ಬಗೆಯಲ್ಲಿ ಎದುರಾದ ಹಾಗಾಯಿತು.

ಉತ್ತರ 4: ಕುಶಾಲನಗರದ ರಸಾಯನಶಾಸ್ತ್ರದವ

ಇಷ್ಟೊಂದು ಹೊಗಳಿಕೆಯ ನಡುವೆ ಒಂದು ಹುಳಿ ಮಾತು ಆಡಲು ಅಪ್ಪಣೆ ಕೊಡಿ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರಲ್ಲಿ ಖರ್ಚು ಉಳಿಸಲೆಂದು ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಕೊಳವೆಗಳು ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸದ ಕಾರಣ ಹಳೆಯ ಕೊಳವೆಗಳ ಸೀಸ ಮನೆ ಮನೆಯ ನಲ್ಲಿಗೆ ಇಳಿಯಿತು. ಇದು ಸರ್ಕಾರದ ಘೋರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಹೋದ ರಫಲೋ ಅವರ ‘ವಾಟರ್ ಡಿಫೆನ್ಸ್’ ತನ್ನದೇ ವಿಧಾನದಲ್ಲಿ ನೀರು ಪರೀಕ್ಷಿಸಿ, ಸ್ನಾನ ಮಾಡುವುದೂ ಅಪಾಯಕಾರಿ ಎಂಬ ಭಾವನೆ ಬರುವಂತೆ ಮಾತನಾಡಿತು. ಫ್ಲಿಂಟ್‌ನ ಸೀಸವನ್ನು ಬಯಲಿಗೆಳೆಯುವಲ್ಲಿ ಮುಂದಿದ್ದ ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರೇ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಭಯಬಿದ್ದ ಜನರನ್ನು ಇನ್ನಷ್ಟು ಭಯಪಡಿಸಲಾಗುತ್ತಿದೆ ಎಂದು ಬಹಿರಂಗವಾಗಿ ಟೀಕಿಸಿದರು.

ಹೆಸರಿರುವವನ ಮಾತು ದೂರಕ್ಕೆ ಕೇಳುತ್ತದೆ, ತಪ್ಪಾದಾಗಲೂ ಅಷ್ಟೇ ದೂರಕ್ಕೆ ಕೇಳುತ್ತದೆ. ಬಿಲಾಟ್ ಪ್ರಕರಣದಲ್ಲಿ 70,000 ರಕ್ತದ ಮಾದರಿಗಳು ಏಳು ವರ್ಷ ಕಾಯಿಸಿದವು. ಇಲ್ಲಿ ಆ ತಾಳ್ಮೆ ಇರಲಿಲ್ಲ. ಕ್ಯಾಲಿಕೂನ್‌ನಲ್ಲಿ ಸ್ವಂತ ಊರಿನ ನೀರಿನ ಬಗ್ಗೆ ಮಾತನಾಡುವಾಗ ಇದ್ದ ಎಚ್ಚರ, ಬೇರೆಯವರ ಊರಿನಲ್ಲಿ ಸಡಿಲಾಯಿತು ಎಂದು ನನಗನ್ನಿಸುತ್ತದೆ.

ಉತ್ತರ 5: ಮಡಿಕೇರಿಯ ಹಳೆಯ ಸಿ.ಡಿ. ಅಂಗಡಿಯವ

ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ 2016ರಲ್ಲಿ ಉತ್ತರ ಡಕೋಟದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಮೂಲನಿವಾಸಿಗಳು ತೈಲ ಕೊಳವೆಯ ವಿರುದ್ಧ ಬಿಡಾರ ಹೂಡಿದ್ದಾಗ ರಫಲೋ ಅಲ್ಲಿಗೆ ಭಾಷಣದ ಜೊತೆಗೆ ನವಾಹೊ ಜನರೇ ತಯಾರಿಸಿದ, ಗಾಡಿಯ ಮೇಲೆ ಸಾಗಿಸಬಹುದಾದ ಸೌರಫಲಕಗಳನ್ನೂ ಒಯ್ದಿದ್ದರು. ದೂರದ ಊರಿಗೆ ಹೋಗುವಾಗ ಅಭಿಪ್ರಾಯಕ್ಕಿಂತ ಉಪಯೋಗದ ಸಾಮಾನು ಒಯ್ಯುವುದು ಮೇಲು.

ನಮ್ಮಲ್ಲಿ 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಧುಮುಕಿದಾಗ ಏನಾಯಿತೆಂದು ನನ್ನ ವಯಸ್ಸಿನವರು ಬಲ್ಲರು. ಸಾಹಿತಿಗಳು ಅಲ್ಲಿಯವರೆಗೆ ಹೇಳುತ್ತಿದ್ದುದನ್ನೇ ಅವರೂ ಹೇಳಿದರು, ಕೇಳುವವರ ಸಂಖ್ಯೆ ಮಾತ್ರ ಬೇರೆಯಾಯಿತು. ಅಲ್ಲಿ ಆಗಲೇ ಒಂದು ಬೇಡಿಕೆ ಸಿದ್ಧವಿತ್ತು, ನಟರು ಅದಕ್ಕೆ ದನಿಯಾದರು. ಫ್ಲಿಂಟ್‌ನಲ್ಲಿ ದನಿ ಮೊದಲೇ ಬಂದು, ಪರೀಕ್ಷೆಯ ವರದಿ ಅದರ ಹಿಂದೆ ಓಡಿತು.

ಪ್ರಶ್ನೆ ಕೇಳಿದವರು: ವಿರಾಜಪೇಟೆಯ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆಗಳು. ‘ಡಾರ್ಕ್ ವಾಟರ್ಸ್’ ತೋರಿಸುವುದೆಂದು ನಿರ್ಧರಿಸಿದ್ದೇನೆ. ಫ್ಲಿಂಟ್ ವಿಷಯವನ್ನು ಚಿತ್ರಕ್ಕೆ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಚಿತ್ರದ ಪ್ರಭಾವದಲ್ಲಿ ಅದು ಯಾರ ಕಿವಿಗೂ ಬೀಳಲಿಕ್ಕಿಲ್ಲ. ಉಳಿದಿರುವ ತೊಡಕು ಒಂದೇ. ನಮ್ಮ ಈ ಸಲದ ಆತಿಥೇಯರ ಮನೆಯಲ್ಲಿ ಮದುವೆ ಗೊತ್ತಾಗಿರುವುದರಿಂದ ಬೇರೆ ಜಾಗ ಹುಡುಕಬೇಕಾಗಿದೆ.

ಉತ್ತರ 6: ಮಾದಾಪುರದ ತೋಟದವ

ದೂರವಾದರೂ ಪರವಾಗಿಲ್ಲವೆಂದರೆ ನಮ್ಮ ಮನೆಗೇ ಬನ್ನಿ, ಮೇಡಂ. ಮಾರ್ಚ್‌ನಲ್ಲಿ ಹೂಮಳೆ ಬಂದರೆ ಕರೆಂಟು ಹೋಗುವುದು ಖಂಡಿತ, ಆದರೆ ಜನರೇಟರ್ ಇದೆ. ಚಿತ್ರಕ್ಕೆ ಮೊದಲು ಬೆಳಕಿರುವಾಗಲೇ ಬಂದರೆ ತೋಡಿನ ಬದಿಯ ಗುಂಡಿಗಳನ್ನೂ ತೋರಿಸುತ್ತೇನೆ. ಕುಶಾಲನಗರದ ಸರ್ ಪರೀಕ್ಷೆಯ ಸಾಮಾನು ತಂದರೆ ನನ್ನ ನೀರು ಎಷ್ಟು ಸರಿಯಾಗಿದೆ ಎಂಬುದೂ ತಿಳಿಯುತ್ತದೆ. ವರದಿ ಕೆಟ್ಟದಾಗಿ ಬಂದರೆ ಊಟಕ್ಕೆ ಮೊದಲು ಮಾತ್ರ ಓದಬೇಡಿ.